ಬಳ್ಳಾರಿ ಚಳಿಗಾಲದಲ್ಲಿ ಸೈಕಲ್ ಮೇಲೆ ಕೆಲಸಕ್ಕೆ: ಕತ್ತಲು, ಮುಳ್ಳು, ಇಬ್ಬನಿಗೆ ತಯಾರಾಗುವ ಬಗೆ

ಬಳ್ಳಾರಿಗೆ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ಹೊರಗಿನವರು ನಗುತ್ತಾರೆ. ನಾವೂ ಸೇರಿ ನಗುತ್ತೇವೆ. ಆದರೆ ದೀಪಾವಳಿ ಮುಗಿದ ಮೇಲೆ ಶಿವರಾತ್ರಿಯವರೆಗೆ ಇಲ್ಲಿ ಸೈಕಲ್ ತುಳಿದವರಿಗೆ ಗೊತ್ತು, ಈ ಊರಲ್ಲಿ ಸೈಕಲ್‌ಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಮೇ ತಿಂಗಳ 40 ಡಿಗ್ರಿ ಬಿಸಿಲಲ್ಲಿ ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಅಂಗಿ ತೋಯ್ದು ಹೋಗಿರುತ್ತದೆ; ಜನವರಿಯಲ್ಲಿ ಅದೇ ಹೊತ್ತಿಗೆ ಮೈ ಈಗಷ್ಟೇ ಬೆಚ್ಚಗಾಗಲು ಶುರುವಾಗಿರುತ್ತದೆ.

ಚಳಿಗಾಲಕ್ಕೆ ಸೈಕಲ್ ತಯಾರಿ ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಸ್ವೆಟರ್. ನನ್ನ ಪಟ್ಟಿಯಲ್ಲಿ ಅದು ಬಹಳ ಕೆಳಗಿದೆ. ನಮ್ಮಲ್ಲಿ ಜನವರಿಯ ರಾತ್ರಿ 15ರಿಂದ 17 ಡಿಗ್ರಿಗೆ ಇಳಿಯುತ್ತದೆ, ಶೀತಗಾಳಿ ಬೀಸಿದ ವಾರ ಇನ್ನೂ ಕೆಲವು ಡಿಗ್ರಿ ಕಡಿಮೆ. ಇಷ್ಟು ಚಳಿಯನ್ನು ಹಳೆಯದೊಂದು ಅಂಗಿ ಹೆಚ್ಚಿಗೆ ಹಾಕಿಕೊಂಡು ಗೆಲ್ಲಬಹುದು. ಇಲ್ಲಿ ಸೈಕಲ್ ಸವಾರನನ್ನು ನಿಜಕ್ಕೂ ಕಾಡುವುದು ನಸುಕಿನ ಕತ್ತಲು, ಒಣಗಿದ ಮುಳ್ಳು, ರಿಮ್ಮಿನ ಮೇಲಿನ ಇಬ್ಬನಿ, ಸುಗ್ಗಿಯ ಟ್ರ್ಯಾಕ್ಟರುಗಳು. ತಯಾರಿ ಇವುಗಳಿಂದಲೇ ಶುರುವಾಗಲಿ.

ಹಂತ 1: ನಿಮ್ಮ ಹೊತ್ತನ್ನು ಸೂರ್ಯನ ಹೊತ್ತಿಗೆ ಹೋಲಿಸಿ

ಡಿಸೆಂಬರ್ 21ರ ಸುಮಾರಿಗೆ ಹಗಲು ಅತಿ ಚಿಕ್ಕದು ಎಂದು ಶಾಲೆಯಲ್ಲಿ ಓದಿದ್ದೇವೆ. ಹಾಗಾಗಿ ಅದಾದ ಮೇಲೆ ಬೆಳಿಗ್ಗೆ ಬೇಗ ಬೆಳಕಾಗುತ್ತದೆ ಎಂದುಕೊಳ್ಳುತ್ತೇವೆ. ಹಾಗೆ ಆಗುವುದಿಲ್ಲ. ಬಳ್ಳಾರಿಯಲ್ಲಿ ನವೆಂಬರ್ ಕೊನೆಗೆ ಸೂರ್ಯ ಸುಮಾರು 6:30ಕ್ಕೆ ಹುಟ್ಟಿದರೆ, ಜನವರಿಯ ಎರಡನೇ ಪಾಲಿನಲ್ಲಿ 6:50 ಆಗುತ್ತದೆ. ಸಂಜೆಯ ಲೆಕ್ಕ ಇದಕ್ಕೆ ತದ್ವಿರುದ್ಧ. ನವೆಂಬರ್ ಕೊನೆಯಲ್ಲೇ 5:50ಕ್ಕೆ ಮುಳುಗಿಬಿಡುವ ಸೂರ್ಯ, ಸಂಕ್ರಾಂತಿ ಹೊತ್ತಿಗೆ ಆರು ದಾಟಿ ನಿಲ್ಲುತ್ತಾನೆ. ಸೂರ್ಯ ಹುಟ್ಟುವ ಸುಮಾರು ಇಪ್ಪತ್ತು ನಿಮಿಷ ಮೊದಲು ರಸ್ತೆಯ ಗುಂಡಿ ಕಾಣುವಷ್ಟು ಬೆಳಕು ಬಂದಿರುತ್ತದೆ.

ಇದರಿಂದ ನಿಮ್ಮ ಪಾಡು ಏನೆಂದು ತಿಳಿಯುತ್ತದೆ. ಹತ್ತು ಗಂಟೆಯ ಕಚೇರಿಯವರಿಗೆ ಬೆಳಗಿನ ಕತ್ತಲು ಬಾಧೆಯೇ ಅಲ್ಲ, ಅವರ ಕತ್ತಲು ಸಂಜೆಯದು. ತೋರಣಗಲ್ಲು, ಕುಡಿತಿನಿ ಕಡೆ ಬೆಳಿಗ್ಗೆ ಆರರ ಶಿಫ್ಟ್‌ಗೆ ಹೋಗುವವರು ಪೂರ್ತಿ ಕತ್ತಲಲ್ಲೇ ತುಳಿಯಬೇಕು. ಎರಡನೇ ಶಿಫ್ಟ್ ಮುಗಿಸಿ ರಾತ್ರಿ ಹತ್ತರ ಮೇಲೆ ಹೊರಡುವವರ ಕಥೆಯೂ ಅದೇ. ಶಾಲೆ, ಜೀನ್ಸ್ ಹೊಲಿಗೆ ಘಟಕ, ಆಸ್ಪತ್ರೆಗೆ ಎಂಟರೊಳಗೆ ಮುಟ್ಟಬೇಕಾದವರು ನಡುವಿನವರು. ಅವರಿಗೆ ಬೆಳಕಿದ್ದರೂ ಎಳೆ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ.

ಊರೊಳಗೆ ಸಾಮಾನ್ಯ ಸೈಕಲ್ಲಿನ ವೇಗ ಗಂಟೆಗೆ 12ರಿಂದ 15 ಕಿ.ಮೀ. ಎಂದು ಹಿಡಿಯಿರಿ. ಐದು ಕಿ.ಮೀ.ಗೆ ಇಪ್ಪತ್ತೈದು ನಿಮಿಷ ಧಾರಾಳವಾಗಿ ಸಾಕು. ಅದಕ್ಕೆ ಹತ್ತು ನಿಮಿಷ ಪಂಚರ್ ಪಾಲು ಸೇರಿಸಿ. ದಿನಾ ಪಂಚರ್ ಆಗುವುದಿಲ್ಲ ನಿಜ, ಆದರೆ ಆ ಹತ್ತು ನಿಮಿಷ ಕೈಯಲ್ಲಿದ್ದರೆ ಗಡಿಬಿಡಿಯಲ್ಲಿ ಲಾರಿ ಹಿಂದಿಕ್ಕುವ ಹುಚ್ಚು ಬರುವುದಿಲ್ಲ. ಹೋಗುವ ದಾರಿಯೇ ಹದಿನೈದು ಕಿ.ಮೀ. ದಾಟುತ್ತದೆ ಎನ್ನುವವರು ಕತ್ತಲಲ್ಲಿ ಹೆದ್ದಾರಿ ಹಿಡಿಯುವ ಬದಲು ಬಸ್ ನಿಲ್ದಾಣದವರೆಗೆ ಸೈಕಲ್, ಮುಂದೆ ಬಸ್ಸು ಅಥವಾ ಕಂಪನಿ ಗಾಡಿ ಮಾಡಿಕೊಳ್ಳುವುದು ವಾಸಿ.

ಹಂತ 2: ಭಾನುವಾರ ದಾರಿ ನೋಡಿ ಬನ್ನಿ

ಬೈಕ್ ಮೇಲೆ ಓಡಾಡಿದ ದಾರಿ ಸೈಕಲ್‌ಗೆ ಒಗ್ಗಬೇಕೆಂದಿಲ್ಲ. ಭಾನುವಾರ, ಕೆಲಸಕ್ಕೆ ಹೊರಡುವ ಅದೇ ಹೊತ್ತಿಗೆ ಎದ್ದು ಒಮ್ಮೆ ತುಳಿದು ಬನ್ನಿ. ಬೀದಿ ದೀಪ ಎಲ್ಲಿಯವರೆಗೆ ಉರಿಯುತ್ತದೆ, ಎಲ್ಲಿ ಕಸಕ್ಕೆ ಬೆಂಕಿ ಹಾಕುತ್ತಾರೆ, ಯಾವ ಓಣಿಯ ನಾಯಿ ಜೋರು, ಇದೆಲ್ಲ ಆ ಹೊತ್ತಿಗೇ ಗೊತ್ತಾಗಬೇಕು.

ದಾರಿ ಆರಿಸುವಾಗ ಉದ್ದ ನೋಡಬೇಡಿ, ಲಾರಿ ನೋಡಿ. ಹೊಸಪೇಟೆ ರಸ್ತೆಯಲ್ಲೂ ಬೆಂಗಳೂರು ರಸ್ತೆಯಲ್ಲೂ ನಸುಕಿನಲ್ಲಿ ಭಾರಿ ಗಾಡಿಗಳು ಖಾಲಿ ರಸ್ತೆ ಸಿಕ್ಕ ಖುಷಿಯಲ್ಲಿ ಹೋಗುತ್ತವೆ. ಅದಕ್ಕೆ ಸಮಾನಾಂತರವಾಗಿ ಬಡಾವಣೆಯೊಳಗಿನ ರಸ್ತೆ ಇದ್ದರೆ ಒಂದು ಕಿ.ಮೀ. ಹೆಚ್ಚಾದರೂ ಅದೇ ಲೇಸು. ರಾಯಲ್ ಸರ್ಕಲ್, ಮೋತಿ ಸರ್ಕಲ್‌ಗಳು ಬೆಳಿಗ್ಗೆ ಏಳರೊಳಗೆ ಸೈಕಲ್‌ಗೆ ಸಲೀಸು, ಒಂಬತ್ತೂವರೆಗೆ ಇಳಿದು ತಳ್ಳಿಕೊಂಡು ದಾಟುವಂಥವು. ತಳ್ಳುವುದರಲ್ಲಿ ನಾಚಿಕೆ ಏನಿಲ್ಲ.

ಕೌಲ್ ಬಜಾರ್ ಕಡೆಯವರು ರೈಲ್ವೆ ಗೇಟು ದಾಟುವಾಗ ಒಂದು ಎಚ್ಚರಿಕೆ ಬೇಕು. ಇಬ್ಬನಿ ಬಿದ್ದ ಹಳಿ ನುಣುಪಾಗಿರುತ್ತದೆ. ಓರೆಯಾಗಿ ದಾಟಿದರೆ ಮುಂದಿನ ಚಕ್ರ ಹಳಿಯ ಗುಂಟ ಜಾರುತ್ತದೆ. ವೇಗ ಇಳಿಸಿ, ಹ್ಯಾಂಡಲ್ ನೇರ ಮಾಡಿ, ಹಳಿಗೆ ಅಡ್ಡಲಾಗಿ ನೆಟ್ಟಗೆ ದಾಟಿ. ಹಳಿಯ ಮೇಲಿರುವಾಗ ಬ್ರೇಕ್ ಮುಟ್ಟಬೇಡಿ. ಚರಂಡಿಯ ಕಬ್ಬಿಣದ ಜಾಲರಿಗೂ ರಸ್ತೆಯ ಮೇಲೆ ಬಳಿದ ಬಿಳಿ ಪಟ್ಟಿಗೂ ಇದೇ ಮಾತು.

ಈ ಕಾಲದಲ್ಲಿ ನಮ್ಮಲ್ಲಿ ಮೂಡಣ ಗಾಳಿ. ನಸುಕಿನಲ್ಲಿ ಸುಮ್ಮನಿದ್ದು, ಬಿಸಿಲೇರಿದ ಮೇಲೆ ಬೀಸತೊಡಗುತ್ತದೆ. ಹೊಸಪೇಟೆ ರಸ್ತೆ ಕಡೆಯಿಂದ ಊರೊಳಗೆ ಬರುವವರಿಗೆ ಬೆಳಿಗ್ಗೆ ಎದುರು ಗಾಳಿ, ಮೇಲಿಂದ ಎದುರು ಬಿಸಿಲು. ಎದುರು ಬಿಸಿಲಿನ ಅಪಾಯ ನಿಮ್ಮ ಕಣ್ಣಿಗಷ್ಟೇ ಸೀಮಿತವಲ್ಲ. ನಿಮ್ಮ ಹಿಂದೆ ಬರುವ ಲಾರಿಯವನ ಕಣ್ಣಿಗೂ ಅದೇ ಬಿಸಿಲು ಹೊಡೆಯುತ್ತಿರುತ್ತದೆ, ಅವನಿಗೆ ನೀವು ಕಾಣುವುದಿಲ್ಲ. ಏಳರಿಂದ ಎಂಟರ ನಡುವೆ ಪೂರ್ವಕ್ಕೆ ಹೋಗುವವರು ಹಗಲಾದರೂ ಹಿಂದಿನ ಕೆಂಪು ದೀಪ ಉರಿಸಿಯೇ ಇಡಿ.

ಹಂತ 3: ಮೊದಲು ಹಿಂದಿನ ದೀಪ, ಆಮೇಲೆ ಮುಂದಿನದು

ಒಂದೇ ದೀಪಕ್ಕೆ ದುಡ್ಡಿದ್ದರೆ ಹಿಂದಿನದನ್ನೇ ಕೊಳ್ಳಿ ಎಂದು ನಾನು ಹೇಳುತ್ತೇನೆ. ಮುಂದೆ ಕಾಣದಿದ್ದರೆ ನಿಧಾನ ಮಾಡಬಹುದು, ಇಳಿಯಬಹುದು. ಹಿಂದಿನಿಂದ ಬರುವವನಿಗೆ ನೀವು ಕಾಣದಿದ್ದರೆ ನಿಮ್ಮ ಕೈಯಲ್ಲಿ ಏನೂ ಉಳಿದಿಲ್ಲ.

ಹಿಂದಿನ ದೀಪವನ್ನು ಸೀಟಿನ ಕೆಳಗೆ ಅಥವಾ ಕ್ಯಾರಿಯರ್ ತುದಿಗೆ, ನೆಲಕ್ಕೆ ಸಮವಾಗಿ ನೋಡುವಂತೆ ಕಟ್ಟಿ. ಹಲವರ ದೀಪ ಆಕಾಶ ನೋಡುತ್ತಿರುತ್ತದೆ, ಇಲ್ಲವೇ ಕ್ಯಾರಿಯರ್ ಮೇಲಿನ ಬುತ್ತಿ ಚೀಲ ಅದನ್ನು ಮುಚ್ಚಿರುತ್ತದೆ. ಕಟ್ಟಿದ ಮೇಲೆ ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ, ಕುಕ್ಕರಗಾಲಲ್ಲಿ ಕುಳಿತು ಕಾರಿನ ಚಾಲಕನ ಕಣ್ಣೆತ್ತರದಿಂದ ನೋಡಿ. ಮಿಣುಕುವ ದೀಪ ಬೇಗ ಗಮನ ಸೆಳೆಯುತ್ತದೆ, ಆದರೆ ಪೂರ್ತಿ ಕತ್ತಲ ರಸ್ತೆಯಲ್ಲಿ ನೀವು ಎಷ್ಟು ದೂರ ಇದ್ದೀರಿ ಎಂಬ ಅಂದಾಜು ಅದರಿಂದ ಸಿಗುವುದಿಲ್ಲ. ಬೀದಿ ದೀಪವಿಲ್ಲದಲ್ಲಿ ನಿಂತು ಉರಿಯುವ ದೀಪವೇ ಸರಿ.

ಡೈನಮೋ ಇದ್ದವರು ಅದನ್ನು ಕಿತ್ತುಹಾಕಬೇಡಿ. ಚಾರ್ಜ್ ಕೇಳದ ದೀಪ ಅದೊಂದೇ. ಅದರ ಕುಂದು ಏನೆಂದರೆ, ನಿಧಾನವಾದರೆ ಮಂಕಾಗುತ್ತದೆ, ನಿಂತರೆ ಆರುತ್ತದೆ. ಗೇಟು ಬಿದ್ದಾಗ, ಸರ್ಕಲ್‌ನಲ್ಲಿ ಕಾಯುವಾಗ ನೀವು ಕಾಣದಂತಾಗುತ್ತೀರಿ. ಹಾಗಾಗಿ ಡೈನಮೋ ಮುಂದಕ್ಕಿರಲಿ, ಹಿಂದಕ್ಕೆ ಬ್ಯಾಟರಿ ದೀಪ ಇರಲಿ.

ಮುಂದಿನ ದೀಪದ ಬೆಳಕು ಸುಮಾರು ಹತ್ತು ಮೀಟರ್ ಆಚೆ ನೆಲ ಮುಟ್ಟುವಂತೆ ಬಗ್ಗಿಸಿ. ಗಂಟೆಗೆ 15 ಕಿ.ಮೀ. ಎಂದರೆ ಸೆಕೆಂಡಿಗೆ ನಾಲ್ಕು ಮೀಟರಿಗೂ ಹೆಚ್ಚು. ಹತ್ತು ಮೀಟರ್ ಬೆಳಕಿದ್ದರೆ ಗುಂಡಿ ಕಂಡು ತಪ್ಪಿಸಲು ಎರಡೂವರೆ ಸೆಕೆಂಡಿಗೂ ತುಸು ಕಡಿಮೆ ಸಿಗುತ್ತದೆ. ಬೆಳಕು ಅದಕ್ಕಿಂತ ಹತ್ತಿರ ಬೀಳುವಂತಿದ್ದರೆ ವೇಗವೂ ಅದಕ್ಕೆ ತಕ್ಕಂತೆ ಇಳಿಯಬೇಕು. ಮೊಬೈಲ್ ಟಾರ್ಚನ್ನು ಬಾಯಲ್ಲೋ ಜೇಬಲ್ಲೋ ಇಟ್ಟು ಹೋಗುವವರನ್ನು ನೋಡಿದ್ದೇನೆ. ಅದು ದೀಪವಲ್ಲ, ಮೊಬೈಲ್ ಬೀಳಿಸಿಕೊಳ್ಳುವ ಉಪಾಯ.

ಇದರ ಮೇಲೆ ರೇಡಿಯಂ ಅಂಟಿಸಿ. ಲಾರಿಗಳಿಗೆ ನಂಬರು, ದೇವರ ಹೆಸರು ಬರೆಯುವ ರೇಡಿಯಂ ಅಂಗಡಿಗಳಲ್ಲಿ ಕತ್ತರಿಸಿ ಉಳಿದ ತುಂಡುಗಳೇ ಸಾಕು. ಹಿಂದಿನ ಮಡ್‌ಗಾರ್ಡ್‌ಗೆ ಕೆಂಪು, ಮುಂದಕ್ಕೆ ಬಿಳಿ, ಎರಡೂ ಪೆಡಲ್‌ಗಳ ಅಂಚಿಗೆ ಹಳದಿ. ಪೆಡಲ್ ಮೇಲಿನದನ್ನು ಮರೆಯಬೇಡಿ. ಮೇಲೆ ಕೆಳಗೆ ಆಡುವ ಎರಡು ಚುಕ್ಕೆ ಕಂಡ ಕೂಡಲೇ ಇದು ಸೈಕಲ್ ಎಂದು ಚಾಲಕನಿಗೆ ದೂರದಿಂದಲೇ ಗೊತ್ತಾಗುತ್ತದೆ. ಕಾರ್ಖಾನೆಯಲ್ಲಿ ಕೊಟ್ಟ ಮಿಂಚುವ ಜಾಕೆಟ್ ಇದ್ದರೆ ಗೇಟಿನೊಳಗೆ ಹೋದ ಮೇಲೆ ಹಾಕಿಕೊಳ್ಳುವ ಬದಲು ಮನೆಯಿಂದಲೇ ಹಾಕಿಕೊಂಡು ಹೊರಡಿ.

ಹಂತ 4: ಮುಳ್ಳು

ಚಳಿಗಾಲದಲ್ಲಿ ಇಲ್ಲಿ ಪಂಚರ್ ಹೆಚ್ಚು, ಅದಕ್ಕೆ ಕಾರಣ ಎರಡು ಗಿಡ. ಒಂದು, ಅಮೆರಿಕ ಖಂಡದಿಂದ ಬಂದು ಇಲ್ಲಿ ಬೇರುಬಿಟ್ಟ ಬಳ್ಳಾರಿ ಜಾಲಿ. ಸುಗ್ಗಿ ಹೊತ್ತಿಗೆ ಹೊಲಕ್ಕೆ ಬೇಲಿ ಕಟ್ಟಲು, ಒಲೆಗೆ ಉರುವಲು ಮಾಡಲು ಅದನ್ನು ಕಡಿದು ಬಂಡಿ, ಟ್ರ್ಯಾಕ್ಟರುಗಳಲ್ಲಿ ಎಳೆಯುತ್ತಾರೆ. ರಸ್ತೆ ಅಂಚಿನ ಗುಂಟ ಅದರ ಕಡ್ಡಿ ಉದುರುತ್ತದೆ. ಇನ್ನೊಂದು ನೆಗ್ಗಿಲ ಮುಳ್ಳು. ಮಳೆಗಾಲದಲ್ಲಿ ಹಳದಿ ಹೂ ಬಿಟ್ಟು ನೆಲಕ್ಕೆ ಹಬ್ಬಿದ ಬಳ್ಳಿ ಈಗ ಒಣಗಿ, ಕಾಯಿ ಒಡೆದು, ಒಂದೊಂದು ತುಂಡೂ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೆ ಇರುವಂತೆ ಹರಡಿರುತ್ತದೆ. ಡಾಂಬರು ಬಿಟ್ಟು ಮಣ್ಣಿನ ಅಂಚಿಗೆ ಇಳಿದರೆ ಸಿಕ್ಕಿಬಿದ್ದಂತೆಯೇ.

ಹಾಗಾಗಿ ಮೊದಲ ಉಪಾಯ, ಅಂಚಿಗೆ ಇಳಿಯದಿರುವುದು. ಡಾಂಬರಿನ ಅಂಚಿನಿಂದ ಒಂದು ಮೊಳ ಒಳಗೆ ತುಳಿಯಿರಿ. ಕಸ, ಗಾಜು, ಮುಳ್ಳು ಎಲ್ಲವನ್ನೂ ಗಾಡಿಗಳ ಗಾಳಿ ಅಂಚಿಗೇ ತಳ್ಳಿರುತ್ತದೆ.

ಎರಡನೆಯದು ಟೈರು. ಸವೆದು ನುಣ್ಣಗಾದ ಟೈರನ್ನು ಬೇಸಿಗೆಯವರೆಗೆ ಓಡಿಸೋಣ ಎನ್ನಬೇಡಿ, ನವೆಂಬರ್‌ನಲ್ಲೇ ಬದಲಿಸಿ. ಸೈಕಲ್ ಶಾಪಿನ ಹಳಬರು ಮಾಡುವ ಒಂದು ಕೆಲಸ ಈಗಲೂ ಬಾಳುತ್ತದೆ. ಹಳೇ ಟ್ಯೂಬನ್ನು ಉದ್ದಕ್ಕೆ ಸೀಳಿ, ವಾಲ್ವ್ ಕತ್ತರಿಸಿ ತೆಗೆದು, ಟೈರಿನ ಒಳಗೆ ಪಟ್ಟಿಯಾಗಿ ಹಾಸುವುದು. ಪಟ್ಟಿಯ ಅಂಚು ಮಡಚದಂತೆ, ತುದಿಗಳು ಒಂದರ ಮೇಲೊಂದು ದಪ್ಪ ಕೂರದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಆ ಅಂಚೇ ಹೊಸ ಟ್ಯೂಬನ್ನು ಉಜ್ಜಿ ತೂತು ಮಾಡುತ್ತದೆ. ಸೈಕಲ್ ಸ್ವಲ್ಪ ಭಾರ ಎನಿಸುತ್ತದೆ, ನೆಗ್ಗಿಲ ಮುಳ್ಳು ಮಾತ್ರ ಬಹುಪಾಲು ಅಲ್ಲೇ ನಿಲ್ಲುತ್ತದೆ. ಉದ್ದ ಜಾಲಿ ಮುಳ್ಳಿಗೆ ಇದೂ ಸಾಲದು.

ಮೂರನೆಯದು ಗಾಳಿ. ಟೈರಿನ ಪಕ್ಕದಲ್ಲಿ ಅಚ್ಚು ಹಾಕಿದ ಒತ್ತಡದ ಅಂಕಿ ಇರುತ್ತದೆ, ಅಷ್ಟು ಹೊಡೆಸಿ. ಮಧ್ಯಾಹ್ನದ ಬಿಸಿಲಲ್ಲಿ ಗಟ್ಟಿ ಇದ್ದ ಟೈರು ನಸುಕಿನ ಚಳಿಗೆ ಒಂದೆರಡು ಪಾಯಿಂಟ್ ಮೆತ್ತಗಾಗುತ್ತದೆ. ಅಷ್ಟಕ್ಕೆ ಗಾಬರಿ ಬೇಡ. ಹೆಬ್ಬೆರಳು ಸಲೀಸಾಗಿ ಒಳಗೆ ಹೋಗುವಷ್ಟು ಮೆತ್ತಗಿದ್ದರೆ ವಾಲ್ವ್ ನೋಡಿ. ನಮ್ಮ ಸಾದಾ ಸೈಕಲ್‌ಗಳ ವಾಲ್ವ್ ಒಳಗೆ ಸಣ್ಣ ರಬ್ಬರ್ ಕೊಳವೆ, ಅಂದರೆ ವಾಲ್ ಟ್ಯೂಬ್ ಇರುತ್ತದೆ. ಅದು ಒಣಗಿ ಸೀಳಿದರೆ ಪಂಚರ್ ಇಲ್ಲದೆಯೂ ರಾತ್ರಿ ಬೆಳಗಾಗುವಷ್ಟರಲ್ಲಿ ಗಾಳಿ ಇಳಿದಿರುತ್ತದೆ. ವಾಲ್ವ್ ಬಾಯಿಗೆ ಒದ್ದೆ ಬೆರಳು ಇಟ್ಟು ನೋಡಿ, ಗುಳ್ಳೆ ಎದ್ದರೆ ಕಳ್ಳ ಅದೇ. ಒಂದು ಗೇಣು ವಾಲ್ ಟ್ಯೂಬ್ ಜೇಬಲ್ಲಿಟ್ಟುಕೊಂಡರೆ ವರ್ಷಕ್ಕಾಗುತ್ತದೆ.

ಇಷ್ಟಾದರೂ ಪಂಚರ್ ಆಗುವುದು ಆಗಿಯೇ ತೀರುತ್ತದೆ, ಮತ್ತು ಬೆಳಿಗ್ಗೆ ಆರಕ್ಕೆ ಯಾವ ಪಂಚರ್ ಅಂಗಡಿಯೂ ತೆರೆದಿರುವುದಿಲ್ಲ. ಚೀಲದಲ್ಲಿ ಕೈಪಂಪು, ಪ್ಯಾಚು, ಸೊಲ್ಯೂಷನ್, ಉಜ್ಜುವ ಕಾಗದ, ಎರಡು ಟೈರ್ ಲಿವರ್, ಒಂದು ಪಾನಾ, ಸಣ್ಣ ಇಕ್ಕಳ ಇರಲಿ. ಸ್ಕ್ರೂಡ್ರೈವರ್‌ನಿಂದ ಟೈರ್ ಎಬ್ಬಿಸಬೇಡಿ, ಒಂದಿದ್ದ ತೂತು ಎರಡಾಗುತ್ತದೆ. ಗೇರ್ ಸೈಕಲ್ ಇದ್ದು ಚಕ್ರ ಸುಲಭವಾಗಿ ಬಿಚ್ಚುವಂತಿದ್ದರೆ ಒಂದು ಹೊಸ ಟ್ಯೂಬ್ ಇಟ್ಟುಕೊಳ್ಳಿ; ಕತ್ತಲಲ್ಲಿ ತೂತು ಹುಡುಕುವ ಬದಲು ಟ್ಯೂಬನ್ನೇ ಬದಲಿಸಿ, ಪ್ಯಾಚ್ ಕೆಲಸ ಮನೆಗೆ ಬಂದು ಮಾಡಿ. ಚೈನ್ ಕವರ್ ಇರುವ ಹಳೇ ಸೈಕಲ್ಲಿನ ಹಿಂದಿನ ಚಕ್ರ ರಸ್ತೆಯಲ್ಲಿ ಬಿಚ್ಚುವುದು ಯಾರಿಗೂ ಬೇಡ. ಅಲ್ಲಿ ಚಕ್ರ ಬಿಚ್ಚದೆ ಟ್ಯೂಬನ್ನಷ್ಟೇ ಹೊರಗೆಳೆಯುವುದು ರೂಢಿ. ಅದರ ಕ್ರಮ ಹೀಗೆ.

ಸೈಕಲನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ, ಹಿಂದಿನ ದೀಪ ಉರಿಯುತ್ತಲೇ ಇರಲಿ. ಉಳಿದ ಗಾಳಿ ಬಿಡಿ, ವಾಲ್ವಿನ ಬುಡದ ನಟ್ಟು ತೆಗೆಯಿರಿ. ಟೈರಿನ ಅಂಚನ್ನು ಸುತ್ತಲೂ ಒತ್ತಿ ರಿಮ್ಮಿನ ನಡುವಿನ ತಗ್ಗಿಗೆ ತಳ್ಳಿ. ಇದನ್ನು ಮಾಡಿದರೆ ಅರ್ಧ ಬಲ ಸಾಕು. ಲಿವರ್ ಹಾಕಿ ಒಂದು ಮಗ್ಗುಲಷ್ಟೇ ಎಬ್ಬಿಸಿ, ಟ್ಯೂಬ್ ಎಳೆಯಿರಿ. ಗಾಳಿ ತುಂಬಿ ಕೆನ್ನೆ ಅಥವಾ ತುಟಿಯ ಹತ್ತಿರ ಹಿಡಿದು ತಿರುಗಿಸುತ್ತಾ ಹೋಗಿ. ಚಳಿಗೆ ಬೆರಳು ಮರಗಟ್ಟಿದ್ದರೂ ತುಟಿಗೆ ಗಾಳಿ ತಿಳಿಯುತ್ತದೆ.

ತೂತು ಸಿಕ್ಕ ಮೇಲೆ ಪ್ಯಾಚಿಗೆ ಅವಸರ ಮಾಡಬೇಡಿ, ಮೊದಲು ಮುಳ್ಳು ಹುಡುಕಿ. ಜಾಲಿ ಮುಳ್ಳು ಟೈರಿನ ಮಟ್ಟಕ್ಕೇ ಮುರಿದಿರುತ್ತದೆ, ಹೊರಗಿನಿಂದ ಕಾಣುವುದು ಒಂದು ಕಪ್ಪು ಚುಕ್ಕೆ ಮಾತ್ರ. ಒಳಗಿನಿಂದ ಬಟ್ಟೆ ಸುತ್ತಿದ ಬೆರಳು ಆಡಿಸಿ, ಎಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಇಕ್ಕಳದಿಂದ ಕೀಳಿ. ಒಂದು ಸಿಕ್ಕಿತೆಂದು ನಿಲ್ಲಿಸದೆ ಇಡೀ ಸುತ್ತು ನೋಡಿ. ಪಂಚರ್ ಹಾಕಿಸಿದ ಮರುಕ್ಷಣವೇ ಮತ್ತೆ ಪಂಚರ್ ಆಯಿತು ಎಂದು ಅಂಗಡಿಯ ಅಣ್ಣನನ್ನು ಬೈಯುವವರ ಟೈರಿನೊಳಗೆ ಬಹಳ ಸಲ ಹಳೇ ಮುಳ್ಳೇ ಕುಳಿತಿರುತ್ತದೆ.

ತೂತಿನ ಸುತ್ತ ಉಜ್ಜಿ, ಸೊಲ್ಯೂಷನ್ ತೆಳ್ಳಗೆ ಸವರಿ, ಹೊಳಪು ಹೋಗುವವರೆಗೆ ಕಾಯಿರಿ. ಬೇಸಿಗೆಯಲ್ಲಿ ಬೇಗ ಆರುವ ಸೊಲ್ಯೂಷನ್ ಚಳಿಯ ನಸುಕಿನಲ್ಲಿ ನಿಧಾನಕ್ಕೆ ಆರುತ್ತದೆ. ಹಸಿ ಇರುವಾಗಲೇ ಪ್ಯಾಚ್ ಒತ್ತಿದರೆ ಅದು ಕಚ್ಚುವುದಿಲ್ಲ. ಆಮೇಲೆ ಪ್ಯಾಚ್ ಅದುಮಿ, ಟ್ಯೂಬಿಗೆ ಆಕಾರ ಬರುವಷ್ಟೇ ಗಾಳಿ ಹಾಕಿ ಒಳಗೆ ತಳ್ಳಿ, ಟೈರಿನ ಅಂಚನ್ನು ಕೈಯಿಂದಲೇ ಕೂರಿಸಿ. ಟ್ಯೂಬು ಟೈರಿಗೂ ರಿಮ್ಮಿಗೂ ನಡುವೆ ಸಿಕ್ಕಿಲ್ಲವೆಂದು ಸುತ್ತಲೂ ನೋಡಿದ ಮೇಲೆಯೇ ಪೂರ್ತಿ ಗಾಳಿ.

ಹಂತ 5: ಬ್ರೇಕು, ಚೈನು

ರಾತ್ರಿ ಅಂಗಳದಲ್ಲಿ ನಿಂತ ಸೈಕಲ್ಲಿನ ಸ್ಟೀಲ್ ರಿಮ್ಮು ಬೆಳಿಗ್ಗೆ ಇಬ್ಬನಿಗೆ ಒದ್ದೆ. ಒದ್ದೆ ಸ್ಟೀಲ್ ಮೇಲೆ ಬ್ರೇಕ್ ರಬ್ಬರ್ ಹಿಡಿಯುವುದೇ ಇಲ್ಲ. ಹೊರಡುವ ಮುಂಚೆ ಚಿಂದಿ ಬಟ್ಟೆಯಿಂದ ಎರಡೂ ರಿಮ್ಮು ಒರೆಸಿ, ಓಣಿ ದಾಟುವುದರೊಳಗೆ ಎರಡು ಸಲ ಬ್ರೇಕ್ ಒತ್ತಿ ಒಣಗಿಸಿ. ರಾತ್ರಿ ಸೀಟಿಗೆ ಒಂದು ಪ್ಲಾಸ್ಟಿಕ್ ಚೀಲ ತೊಡಿಸಿದರೆ ಬೆಳಿಗ್ಗೆ ಒದ್ದೆ ಪ್ಯಾಂಟಿನಲ್ಲಿ ಕಚೇರಿಗೆ ಹೋಗುವ ಪ್ರಸಂಗ ತಪ್ಪುತ್ತದೆ.

ಚೈನಿಗೆ ಮನೆಯ ಕೊಬ್ಬರಿ ಎಣ್ಣೆ ಬಿಡುವವರಿದ್ದಾರೆ. ಅದು 24 ಡಿಗ್ರಿಯ ಸುಮಾರಿಗೇ ಹೆಪ್ಪುಗಟ್ಟುತ್ತದೆ. ಬಚ್ಚಲಲ್ಲಿ ಬಾಟಲಿ ಬಿಸಿನೀರಿಗೆ ಇಡುವ ಕಾಲದಲ್ಲಿ ಚೈನಿಗೆ ಅದರಿಂದ ಏನು ಉಪಯೋಗ? ಸುಟ್ಟ ಎಂಜಿನ್ ಆಯಿಲ್ ಇನ್ನೂ ಕೆಟ್ಟದ್ದು, ನಮ್ಮ ಕೆಂಪು ಧೂಳು ಅದಕ್ಕೆ ಮೆತ್ತಿ ಅರೆಯುವ ಹಿಟ್ಟಾಗುತ್ತದೆ. ಹೊಲಿಗೆ ಮಷಿನ್ ಎಣ್ಣೆ ಜೀನ್ಸ್ ಊರಾದ ನಮ್ಮಲ್ಲಿ ಎಲ್ಲಿ ಬೇಕಾದರೂ ಸಿಗುತ್ತದೆ. ಚೈನನ್ನು ಒಣಬಟ್ಟೆಯಿಂದ ಒರೆಸಿ, ಒಂದೊಂದು ಕೊಂಡಿಗೆ ಒಂದು ಹನಿ ಬಿಟ್ಟು, ಪೆಡಲ್ ತಿರುಗಿಸಿ, ಮತ್ತೆ ಒರೆಸಿಬಿಡಿ. ತೆಳು ಎಣ್ಣೆಯಾದ್ದರಿಂದ ವಾರಕ್ಕೊಮ್ಮೆ ಬೇಕು.

ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿಯ ಚಂಡಮಾರುತದ ಬಾಲ ತಾಗಿ ಎರಡು ದಿನ ಮಳೆ ಹಿಡಿದರೆ ಎರೆಮಣ್ಣಿನ ದಾರಿಗೆ ಇಳಿಯಲೇಬೇಡಿ. ಮಣ್ಣು ಮಡ್‌ಗಾರ್ಡ್ ತುಂಬಿ ಚಕ್ರ ನಿಂತುಬಿಡುತ್ತದೆ, ಆಮೇಲೆ ಸೈಕಲ್ಲನ್ನು ನೀವೇ ಹೊರಬೇಕು.

ಹಂತ 6: ಬಟ್ಟೆ

ಮನೆ ಬಾಗಿಲಲ್ಲಿ ಬೆಚ್ಚಗಿದ್ದರೆ ನೀವು ಹೆಚ್ಚು ಹಾಕಿಕೊಂಡಿದ್ದೀರಿ. ಮೊದಲ ಐದು ನಿಮಿಷ ಚಳಿ ಎನಿಸಬೇಕು. ಬೆವರಿ ನೆನೆದ ಬನಿಯನ್ನಿಗೆ ಗಾಳಿ ತಾಗಿದಾಗ ಆಗುವ ಚಳಿ ಮೊದಲಿನದಕ್ಕಿಂತ ಜೋರು.

ತಡೆಯಬೇಕಾದ್ದು ಎದುರು ಗಾಳಿಯನ್ನು. ಉಣ್ಣೆ ಸ್ವೆಟರ್ ಒಂದೇ ಆದರೆ ಗಾಳಿ ಅದರ ಕಣ್ಣುಗಳಿಂದ ಒಳಗೆ ನುಗ್ಗುತ್ತದೆ. ಮೇಲೆ ತೆಳುವಾದ, ಒತ್ತಾಗಿ ನೇಯ್ದ ಏನಾದರೂ ಬೇಕು. ಹಳೇ ಜೀನ್ಸ್ ಜಾಕೆಟ್ಟು ಚೆನ್ನಾಗಿ ಆಗುತ್ತದೆ. ಅದೂ ಇಲ್ಲದ ದಿನ ಅಂಗಿಯೊಳಗೆ ಎದೆಗೆ ಎರಡು ಹಾಳೆ ಹಳೇ ಪತ್ರಿಕೆ ಇಟ್ಟುಕೊಳ್ಳಿ. ನಗಬೇಡಿ, ದೂರ ತುಳಿಯುವ ಸೈಕಲ್ ಸವಾರರು ಬಹಳ ಹಿಂದಿನಿಂದ ಮಾಡುತ್ತಾ ಬಂದದ್ದೇ ಇದು. ಕಚೇರಿ ತಲುಪಿದ ಮೇಲೆ ತೆಗೆದು ಓದಲೂಬಹುದು.

ಎಲ್ಲಕ್ಕಿಂತ ಮೊದಲು ಸೋಲುವುದು ಬೆರಳು. ಬೆರಳು ಮರಗಟ್ಟಿದರೆ ಬ್ರೇಕ್ ಒತ್ತುವುದು ತಡವಾಗುತ್ತದೆ, ಹಾಗಾಗಿ ಗ್ಲೌಸನ್ನು ಶೋಕಿ ಎಂದುಕೊಳ್ಳಬೇಡಿ. ಕಾರ್ಖಾನೆಯ ಹತ್ತಿ ಗ್ಲೌಸೇ ಸಾಕು. ತಲೆಗೆ ಮಂಕಿ ಕ್ಯಾಪ್ ಹಾಕುವವರು ಕಿವಿಯ ಮೇಲೆ ಬಿಗಿಯಾಗಿ ಎಳೆಯಬೇಡಿ, ಹಿಂದಿನ ಲಾರಿಯ ಸದ್ದು ಕೇಳುತ್ತಿರಬೇಕು. ಸೈಕಲ್‌ಗೆ ಹೆಲ್ಮೆಟ್ ಕಡ್ಡಾಯವಲ್ಲ, ಆದರೂ ಹಾಕಿ. ಅದರ ಕೆಳಗೆ ತೆಳು ಟೋಪಿಯಷ್ಟೇ ಹಿಡಿಸುತ್ತದೆ. ಮಫ್ಲರ್, ಶಾಲು, ವೇಲು, ಸೆರಗು ಯಾವುದೇ ಇರಲಿ, ತುದಿಯನ್ನು ಒಳಗೆ ಸಿಕ್ಕಿಸದೆ ಹತ್ತಬೇಡಿ. ಹಿಂದಿನ ಚಕ್ರಕ್ಕೆ ಸಿಕ್ಕಿದರೆ ಕುತ್ತಿಗೆಗೇ ಬರುತ್ತದೆ. ಸೀರೆ ಉಡುವ ಅಕ್ಕಂದಿರ ಸೈಕಲ್ಲಿಗೆ ಹಿಂದಿನ ಚಕ್ರದ ಜಾಲರಿ ಇರಲೇಬೇಕು. ಬಲಗಾಲಿನ ಪ್ಯಾಂಟಿಗೆ ಒಂದು ರಬ್ಬರ್ ಬ್ಯಾಂಡ್.

ಬೆಳಿಗ್ಗೆ 16 ಇದ್ದದ್ದು ಮಧ್ಯಾಹ್ನ 30 ಆಗುತ್ತದೆ. ಮೂರು ಗಂಟೆಗೆ ಶಿಫ್ಟ್ ಬಿಡುವವರು ಬೆಳಿಗ್ಗೆ ತೊಟ್ಟದ್ದನ್ನೆಲ್ಲ ಹೊತ್ತು ತರಬೇಕು, ಹಾಗಾಗಿ ಮಡಚಿದರೆ ಚೀಲಕ್ಕೆ ಹಿಡಿಯುವಂಥದ್ದನ್ನೇ ತೊಡಿ. ಕ್ಯಾರಿಯರ್‌ಗೆ ಬಿಗಿಯಲು ಹಳೇ ಟ್ಯೂಬಿನ ಪಟ್ಟಿಗಿಂತ ಒಳ್ಳೆಯ ಹಗ್ಗ ಇಲ್ಲ.

ಹಂತ 7: ಹೊಟ್ಟೆ, ನೀರು, ಚರ್ಮ

ಹೊರಡುವ ಮುಂಚೆ ಒಂದು ಬಾಳೆಹಣ್ಣು ಅಥವಾ ಅರ್ಧ ಸಜ್ಜೆ ರೊಟ್ಟಿ ಸಾಕು. ಬಿಸಿ ಒಗ್ಗರಣೆ ಮಿರ್ಚಿಯನ್ನು ಕೆಲಸದ ಜಾಗ ಮುಟ್ಟಿದ ಮೇಲೆ ತಿನ್ನಿ. ಮೊದಲೇ ತಿಂದು ತುಳಿದರೆ ಎದೆ ಉರಿ ಗ್ಯಾರಂಟಿ. ಬಾಯಾರಿಕೆ ಆಗದಿದ್ದರೂ ನೀರು ಕುಡಿಯಿರಿ, ಈ ಒಣ ಗಾಳಿ ಬೆವರನ್ನು ಕಾಣಿಸದೆ ಹೀರುತ್ತದೆ. ತುಟಿಗೆ, ಗೆಣ್ಣುಗಳಿಗೆ ವ್ಯಾಸಲೀನ್.

ಹಂತ 8: ರಸ್ತೆ ಮೇಲೆ ಎದುರಾಗುವವರು

ಸಿರುಗುಪ್ಪ, ಕಂಪ್ಲಿ ಕಡೆ ನವೆಂಬರ್‌ನಿಂದ ಭತ್ತದ ಕಟಾವು, ಜೊತೆಗೆ ಹತ್ತಿ, ಹೊಸ ವರ್ಷದ ಮೇಲೆ ಮೆಣಸಿನಕಾಯಿ. ಹುಲ್ಲಿನ ಟ್ರ್ಯಾಕ್ಟರ್, ಹತ್ತಿ ಟ್ರ್ಯಾಕ್ಟರ್ ಎರಡರ ಹೇರೂ ಗಾಡಿಗಿಂತ ಅಗಲ ಉಬ್ಬಿರುತ್ತದೆ, ಹಿಂದಿನ ದೀಪ ಇದ್ದರೂ ಹೇರಿನ ಕೆಳಗೆ ಮುಚ್ಚಿಹೋಗಿರುತ್ತದೆ. ಕತ್ತಲಲ್ಲಿ ಅಂಥದ್ದರ ಹಿಂದೆ ಸಿಕ್ಕಿದರೆ ಹಿಂದಿಕ್ಕಲು ಹೋಗಬೇಡಿ. ಎದುರಿನಿಂದ ಬಂದರೆ ಪೂರ್ತಿ ಕೆಳಗಿಳಿದು ನಿಲ್ಲಿ. ಮುಳ್ಳು ಚುಚ್ಚಿದರೆ ಚುಚ್ಚಲಿ.

ರಸ್ತೆಯ ಅರ್ಧಕ್ಕೆ ಭತ್ತ ಹರವಿ, ಸುತ್ತ ಕಲ್ಲು ಇಡುವುದು ಈ ಭಾಗದಲ್ಲಿ ಮಾಮೂಲು. ಒಣ ಭತ್ತದ ಮೇಲೆ ಚಕ್ರ ಜಾರುತ್ತದೆ, ಬ್ರೇಕ್ ಹಾಕಿದರೆ ಇನ್ನೂ ಜಾರುತ್ತದೆ. ಭತ್ತ ಬಳಿದುಕೊಂಡು ಹೋದ ಮೇಲೂ ಕಲ್ಲು ಅಲ್ಲೇ ಉಳಿದಿರುತ್ತದೆ, ಅದು ನಿಜವಾದ ಅಪಾಯ. ಹಿಂದಿನ ಸಂಜೆ ಭತ್ತ ಕಂಡ ಜಾಗವನ್ನು ಮರುದಿನ ನಸುಕಿನಲ್ಲಿ ನೆನಪಿಡಿ.

ನವೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಅಯ್ಯಪ್ಪ ಮಾಲೆ ಹಾಕಿದವರು ನಸುಕಿನಲ್ಲೇ ಮಿಂದು, ಕಪ್ಪು ಬಟ್ಟೆಯಲ್ಲಿ, ಬರಿಗಾಲಲ್ಲಿ ಗುಡಿಗೆ ನಡೆಯುತ್ತಿರುತ್ತಾರೆ. ದೀಪಕ್ಕೆ ಅವರು ಕೊನೆಯ ಗಳಿಗೆಯಲ್ಲಿ ಕಾಣುತ್ತಾರೆ. ದೂರದಿಂದಲೇ ಬೆಲ್ ಮಾಡಿ, "ಸ್ವಾಮಿ, ಸೈಕಲ್!" ಎಂದು ಒಂದು ಕೂಗು ಹಾಕಿದರೆ ಸರಿಯುತ್ತಾರೆ.

ನಾಯಿಗಳು ಈ ಕಾಲದಲ್ಲಿ ಮರಿ ಹಾಕಿರುತ್ತವೆ, ತಾಯಿನಾಯಿಗೆ ಓಡುವ ಚಕ್ರ ಕಂಡರೆ ಆಗುವುದಿಲ್ಲ. ಜೋರಾಗಿ ತುಳಿದು ಪಾರಾಗಲು ನೋಡಬೇಡಿ. ಇಳಿದು, ಸೈಕಲ್ಲನ್ನು ನಿಮಗೂ ನಾಯಿಗೂ ನಡುವೆ ಇಟ್ಟುಕೊಂಡು, ಗದರಿಸಿ, ನಡೆದು ದಾಟಿ. ಬಹುತೇಕ ನಾಯಿಗಳು ಅಲ್ಲಿಗೆ ಬಿಟ್ಟುಬಿಡುತ್ತವೆ. ಕಚ್ಚಿದರೆ, ಪರಚಿದರೂ ಸಹ, ಹರಿಯುವ ನೀರಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿ. ಅರಿಶಿನ, ಸುಣ್ಣ ಮೆತ್ತಿಕೊಂಡು ಕೂರಬೇಡಿ.

ಸೂರ್ಯ ಹುಟ್ಟುವ ಮುನ್ನ ನೆಲದ ಹತ್ತಿರದ ಗಾಳಿ ತಣ್ಣಗೆ, ಭಾರವಾಗಿ ಕುಳಿತಿರುತ್ತದೆ. ಚಳಿ ಕಾಯಿಸಲು ಹಚ್ಚಿದ ಬೆಂಕಿಯ ಹೊಗೆ, ಲಾರಿ ಎಬ್ಬಿಸಿದ ಧೂಳು ಮೇಲೇರದೆ ನಿಮ್ಮ ಮೂಗಿನ ಮಟ್ಟದಲ್ಲೇ ತೇಲುತ್ತವೆ. ಉಬ್ಬಸ ಇದ್ದವರು ಸಾಧ್ಯವಾದರೆ ಎಂಟರ ಮೇಲೆ ಹೊರಡಿ, ಇಲ್ಲವಾದರೆ ಮಾಸ್ಕ್ ಹಾಕಿ. ಕಾಲುವೆ, ಗದ್ದೆ ಇರುವ ಕಡೆ ಕೆಲವು ದಿನ ಮಂಜು ದಟ್ಟವಾಗಿ ಕವಿಯುತ್ತದೆ. ನಾಲ್ಕು ವಿದ್ಯುತ್ ಕಂಬ ಕಾಣದಿದ್ದರೆ ಯಾವುದಾದರೂ ಚಹಾ ಅಂಗಡಿಯಲ್ಲಿ ನಿಂತುಬಿಡಿ. ಬಿಸಿಲು ಬಂದರೆ ತಾನೇ ಕರಗುತ್ತದೆ, ತಡವಾಗಿದ್ದಕ್ಕೆ ಮೇಸ್ತ್ರಿಗೆ ಒಂದು ಫೋನ್ ಮಾಡಿದರಾಯಿತು.

ಹಂತ 9: ಕೆಲಸದ ಜಾಗ, ಮತ್ತೆ ಸಂಜೆ

ಸೈಕಲ್ಲನ್ನು ನೆರಳಿಗೆ ನಿಲ್ಲಿಸಿ. ಚಳಿಗಾಲವೆಂದರೂ ಮಧ್ಯಾಹ್ನದ ಬಿಸಿಲು ಹಳೇ ಟೈರನ್ನು ಬಿರಿಯಿಸುತ್ತದೆ. ಬೀಗವನ್ನು ಚಕ್ರಕ್ಕಷ್ಟೇ ಹಾಕದೆ ಕಂಬಕ್ಕೋ ಕಿಟಕಿ ಸರಳಿಗೋ ಸೇರಿಸಿ ಹಾಕಿ. ಬಿಚ್ಚಲು ಬರುವ ದೀಪಗಳನ್ನು ಜೇಬಿಗೆ ಹಾಕಿಕೊಂಡು ಹೋಗಿ, ಒಳಗೆ ಚಾರ್ಜಿಗೆ ಇಡಿ. ಬೆಳಿಗ್ಗೆ ಉರಿದ ದೀಪ ಸಂಜೆ ಕೈಕೊಡುವುದು ಇಲ್ಲೇ. ಒಂದು ಜೊತೆ ಅಂಗಿ, ಸಣ್ಣ ಟವೆಲ್ ಅಲ್ಲೇ ಇರಲಿ.

ಮೂರು ಗಂಟೆಗೆ ಮೈಗೆ ಏನೂ ಬೇಡವೆನಿಸಿದರೂ ಆರರ ಮೇಲೆ ಹೊರಡುವವರು ಗಾಳಿ ತಡೆಯುವ ಅಂಗಿ ತೊಟ್ಟೇ ಹತ್ತಿ, ಸೂರ್ಯ ಮುಳುಗಿದ ಕೂಡಲೇ ತಂಪು ಇಳಿಯುತ್ತದೆ. ಹೊಸಪೇಟೆ ರಸ್ತೆ ಕಡೆ ಮನೆ ಇರುವವರಿಗೆ ಈಗ ಮೂಡಣ ಗಾಳಿ ಬೆನ್ನಿಗೆ, ಬೆಳಿಗ್ಗೆ ಕೊಟ್ಟ ಕಷ್ಟವನ್ನು ಅದು ಇಷ್ಟರಮಟ್ಟಿಗೆ ತೀರಿಸುತ್ತದೆ. ಎದುರು ಗಾಡಿಯವನು ಡಿಪ್ಪರ್ ಹಾಕದೆ ಬಂದರೆ ಬೆಳಕನ್ನು ನೋಡಬೇಡಿ, ರಸ್ತೆಯ ಎಡ ಅಂಚಿನ ಮೇಲೆ ಕಣ್ಣಿಟ್ಟು ವೇಗ ಇಳಿಸಿ. ನವೆಂಬರ್‌ನಲ್ಲಿ ಭತ್ತದ ಗದ್ದೆಗಳಿಂದ ಎದ್ದ ಸಣ್ಣ ಹುಳುಗಳು ಬೀದಿ ದೀಪಕ್ಕೆ ಮುತ್ತುವ ಹೊತ್ತೂ ಇದೇ, ದೀಪದ ಕಂಬ ಬಂದಾಗಲೆಲ್ಲ ನೇರ ಕಣ್ಣಿಗೆ ಬೀಳುತ್ತವೆ. ಕಪ್ಪು ಕನ್ನಡಕ ಸಂಜೆಗೆ ಆಗದು. ವೆಲ್ಡಿಂಗ್ ಶಾಪಿನಲ್ಲಿ ಗ್ರೈಂಡಿಂಗ್ ಮಷಿನ್ ಹಿಡಿಯುವವರು ಹಾಕುವ ಬಿಳಿ ಪ್ಲಾಸ್ಟಿಕ್ ಕನ್ನಡಕವನ್ನು ಹಾರ್ಡ್‌ವೇರ್ ಅಂಗಡಿಯಿಂದ ತಂದುಕೊಳ್ಳಿ. ಹುಳುವಿಗೂ ಆಯಿತು, ಬೆಳಗಿನ ಧೂಳಿಗೂ ಆಯಿತು.